ತಲೆಯಿಲ್ಲದ ಡ್ರ್ಯಾಗನ್ನಿನ ಪರವಾಗಿ

ಇವರಿಂದ:
ಅರ್ಜಿದಾರಳು,
ಜನನ-ಮರಣ ದಾಖಲೆ ವಿಭಾಗದ ಮೂರನೇ ಮೇಜಿನ ಗುಮಾಸ್ತರ ಹೆಂಡತಿ,
ಉದ್ಯೋಗ: ಹೊಲಿಗೆ.

ಇವರಿಗೆ:
ಕಚೇರಿಯ ಮುಖ್ಯಸ್ಥರು,
ಸದರಿ ವಿಭಾಗ (ಏಣಿ ಇರುವ ಕೊಠಡಿ).

ವಿಷಯ: ನನ್ನ ಯಜಮಾನರು ಬರೆದುಕೊಟ್ಟ ಕ್ಷಮಾಪಣೆ ಪತ್ರವನ್ನು ಫೈಲಿಗೆ ಸೇರಿಸದೆ ವಾಪಸು ಕೊಡುವ ಬಗ್ಗೆ, ಹಾಗೂ ಅವರು ಮೊಲವೆಂದು ಪ್ರಮಾಣಪತ್ರ ನೀಡುವ ಬಗ್ಗೆ.

ಉಲ್ಲೇಖ:
1) ಸದರಿ ಗುಮಾಸ್ತರು ಇದೇ ತಿಂಗಳ 20ರಂದು ತಮ್ಮ ಟ್ರೇನಲ್ಲಿ ಇಟ್ಟ ಪತ್ರ.
2) ಹಚ್ಚೆ ಅಂಗಡಿಯ ಗೋಡೆಯ ಮೇಲಿರುವ ಹನ್ನೆರಡು ಚೀನೀ ಪ್ರಾಣಿಗಳ ಪಟ.
3) ಅತ್ತೆಯವರ ಮೌಖಿಕ ಹೇಳಿಕೆ (ಜೋರಾಗಿ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಿಳಿಯಪಡಿಸುವುದೇನೆಂದರೆ, ತಾವು ಇಂದು ರಜೆ ಮುಗಿಸಿ ಬಂದಿದ್ದೀರಿ. ಟ್ರೇ ತೆರೆದರೆ ಮೊದಲು ಕಾಣುವುದೇ ಆ ಕ್ಷಮಾಪಣೆ ಪತ್ರ. ಅದರಲ್ಲಿ ಹೀಗಿದೆ: "ನಾನು ಡ್ರ್ಯಾಗನ್ ಎಂಬ ತಪ್ಪು ತಿಳಿವಳಿಕೆಯಿಂದ ಏಣಿಯ ವಿಷಯದಲ್ಲಿ ತಮ್ಮೊಂದಿಗೆ ಮಾತನಾಡಿದ್ದು, ದಾಖಲೆ ಪ್ರಕಾರ ಮೊಲವೆಂದು ಕಂಡುಬಂದಿರುವುದರಿಂದ, ಸದರಿ ಮಾತುಗಳನ್ನು ಹಿಂಪಡೆದಿರುತ್ತೇನೆ." ತಮಗೆ ಇದರ ತಲೆಬುಡ ಅರ್ಥವಾಗಲಿಕ್ಕಿಲ್ಲ. ಯಾರಿಗೂ ಆಗುವುದಿಲ್ಲ. ಕಾರಣ, ನಡೆದದ್ದನ್ನು ನಡೆದ ಹಾಗೆ ಕೆಳಗೆ ಬರೆಯಲಾಗಿದೆ. ಅರ್ಜಿ ಬರೆಯುವುದನ್ನು ಅರ್ಜಿದಾರಳು ಎಲ್ಲಿಯೂ ಕಲಿತಿಲ್ಲ. ಮನೆಯಲ್ಲಿ "ಸದರಿ ಲೋಟ ಎಲ್ಲಿ?" ಎಂದು ಕೇಳುವ ಮನುಷ್ಯನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಅದು ತಾನಾಗಿಯೇ ಬಂದಿದೆ.

1) ಅರ್ಜಿದಾರಳ ಹೊಲಿಗೆ ಅಂಗಡಿಯ ಎದುರಿಗೇ ಹಚ್ಚೆ ಅಂಗಡಿ ಇರುತ್ತದೆ. ನಡೆಸುವವಳು ಚಿಕ್ಕ ವಯಸ್ಸಿನ ಹುಡುಗಿ, ಕೈ ಶುದ್ಧ, ಬಾಯಿ ನೇರ. ಎರಡು ತಿಂಗಳ ಹಿಂದೆ ಅವಳ ಏಪ್ರನ್ನಿಗೆ ಜೇಬು ಹೊಲಿದು ಕೊಡಲು ಹೋದಾಗ ಯಜಮಾನರೂ ಜೊತೆಗಿದ್ದರು. ಗೋಡೆಯ ಪಟದಲ್ಲಿ ಇಲಿಯಿಂದ ಹಂದಿಯವರೆಗೆ ಹನ್ನೆರಡು ಪ್ರಾಣಿ, ಒಂದೊಂದರ ಕೆಳಗೆ ಇಸವಿಗಳು, ಗುಣಗಳು. ಎತ್ತಿಗೆ ತಾಳ್ಮೆ, ನಾಯಿಗೆ ನಿಯತ್ತು, ಕೋತಿಗೆ ಚುರುಕು ಬುದ್ಧಿ. ಹಂದಿಗೆ ಉದಾರ ಮನಸ್ಸಂತೆ, ಇರಲಿ. ಯಜಮಾನರು ಕನ್ನಡಕ ಏರಿಸಿ, ಪಡಿತರ ಪಟ್ಟಿ ನೋಡುವವರ ಹಾಗೆ ಬೆರಳಿಟ್ಟು ಹುಡುಕಿ, 1976ರ ಮುಂದೆ ನಿಂತರು.

"ಏನೇ! ನಾನು ಡ್ರ್ಯಾಗನ್ನಂತೆ ಕಣೇ!"

ಬಡ್ತಿ ಬಂದಾಗಲೂ ಆ ದನಿ ಕೇಳಿರಲಿಲ್ಲ. ಬಡ್ತಿ ಬಂದೂ ಇಲ್ಲ, ಅದು ಬೇರೆ ಅರ್ಜಿಯ ವಿಷಯ.

ಪಟದಲ್ಲಿ ಡ್ರ್ಯಾಗನ್ನಿನ ಕೆಳಗೆ ಧೈರ್ಯ, ತೇಜಸ್ಸು, ಯಾರಿಗೂ ತಲೆಬಾಗದ ಸ್ವಭಾವ ಎಂದು ಬರೆದಿತ್ತು. ಸದರಿ ಗುಮಾಸ್ತರು ಬಾಗಿಲಿಗೆ ಡಿಕ್ಕಿ ಹೊಡೆದರೆ ಬಾಗಿಲಿಗೇ "ಸಾರಿ" ಹೇಳುವ ಆಸಾಮಿ. ಅಂಗಡಿಯವನು ಕಡಿಮೆ ತೂಗಿದರೆ "ಪಾಪ, ತಕ್ಕಡಿ ಹಳೇದು" ಎನ್ನುವರು. ಅಂಥವರು ಬೆನ್ನ ತುಂಬ ಡ್ರ್ಯಾಗನ್ ಬರೆಸುತ್ತೇನೆಂದಾಗ ಅರ್ಜಿದಾರಳು ನಕ್ಕಳು. ನಗಬಾರದಿತ್ತು. ಮರುದಿನವೇ ಹೋಗಿ ಹೆಸರು ಬರೆಸಿ ಬಂದರು.

2) ಹುಡುಗಿ ಬಾಲದಿಂದ ಶುರು ಮಾಡುತ್ತಾಳೆ. ಮೂರು ಕಂತು, ಕಂತಿಗೂ ಕಂತಿಗೂ ಮೂರು ವಾರ ಬಿಡುವು, ತಲೆ ಕೊನೆಗೆ. ಅದರಂತೆ ಕಳೆದ ತಿಂಗಳ 7ನೇ ತಾರೀಕು ಭಾನುವಾರ ಸೊಂಟದ ಮೇಲೆ ಬಾಲ ಬಂದಿತು.

3) ಬಾಲದ ಪಾಲನೆಯ ಜವಾಬ್ದಾರಿ ಪೂರ್ತಿಯಾಗಿ ಅರ್ಜಿದಾರಳ ತಲೆಗೆ ಬಂದಿತು, ಏಕೆಂದರೆ ತನ್ನ ಬೆನ್ನು ತನಗೆ ಕಾಣುವುದಿಲ್ಲ. ಹುಡುಗಿ ಹೇಳಿದ ನಿಯಮಗಳು ಇಂತಿವೆ:
(ಅ) ಕೈ ತೊಳೆಯದೆ ಮುಟ್ಟಕೂಡದು.
(ಆ) ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೋಪು. ಉಜ್ಜಬಾರದು, ಮೆತ್ತಗೆ ಒತ್ತಿ ಒರೆಸಬೇಕು.
(ಇ) ಮುಲಾಮು ತೆಳ್ಳಗೆ. ಮೊದಲ ದಿನ ಅರ್ಜಿದಾರಳು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದು, "ಅಕ್ಕಾ, ಚರ್ಮಕ್ಕೂ ಉಸಿರಾಡೋಕೆ ಬಿಡಿ" ಅಂತ ಬೈಸಿಕೊಂಡಿರುತ್ತಾಳೆ.
(ಈ) ಬಿಸಿಲು, ಈಜು, ತೊಟ್ಟಿಯಲ್ಲಿ ನೆನೆಯುವುದು ನಿಷಿದ್ಧ.
(ಉ) ಹೊಪ್ಪಳೆ ಏಳುವಾಗ ತುರಿಕೆ ಬರುತ್ತದೆ. ಪ್ರಾಣ ಹೋದರೂ ಕೆರೆಯಬಾರದು.

ಇದರಲ್ಲಿ (ಉ) ಎಂಬುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಯಜಮಾನರು ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕಲು ಹೋದಾಗಲೆಲ್ಲ ಅರ್ಜಿದಾರಳು ಅಳತೆ ಟೇಪಿನಿಂದ ಎರಡು ಬಿಟ್ಟು ಎಳೆದು ತಂದಿರುತ್ತಾಳೆ. ಅಂಟಿಕೊಳ್ಳದಿರಲೆಂದು ಸಡಿಲವಾದ ಹತ್ತಿಯ ಅಂಗಿ ನಾಲ್ಕು ಹೊಲಿದುಕೊಟ್ಟಿದ್ದಾಳೆ. ತಾವು ಆ ತಿಂಗಳು "ಏನ್ರೀ, ಅಣ್ಣನ ಅಂಗೀನಾ?" ಎಂದು ಕೇಳಿದ್ದು ಅದನ್ನೇ.

4) ಮಾನ್ಯರೇ, ಈಗ ಅದೇ ತಿಂಗಳ 9ನೇ ತಾರೀಕು ಮಂಗಳವಾರದ ವಿಷಯ. ಫ್ಯಾನಿನ ಧೂಳು ತಮ್ಮ ತಲೆಯ ಮೇಲೆ ಉದುರುತ್ತಿದೆಯೆಂದು ತಾವು ಕಸ ಗುಡಿಸುವ ಅಮ್ಮನಿಗೆ ಏಣಿ ಹತ್ತಲು ಹೇಳಿದಿರಿ. ಆಕೆಗೆ ಎರಡೂ ಮೊಣಕಾಲು ನೋವು. ನಾಲ್ಕನೇ ಮೆಟ್ಟಿಲಿಗೆ ಕಾಲು ಗಡಗಡ ನಡುಗಿತಂತೆ. ಕಚೇರಿಯಲ್ಲಿದ್ದ ಹದಿನಾಲ್ಕು ಜನರಿಗೂ ಅದೇ ಗಳಿಗೆಗೆ ತಂತಮ್ಮ ಕಾಗದಗಳಲ್ಲಿ ಬಹಳ ಆಸಕ್ತಿ ಹುಟ್ಟಿತಂತೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಆಗ ಮೂರನೇ ಮೇಜಿನಿಂದ ಎದ್ದು ಸದರಿ ಗುಮಾಸ್ತರು ಆಡಿದ ಮಾತು:

"ಅಮ್ಮಾ, ನೀವು ಇಳೀರಿ. ಸಾಹೇಬ್ರೇ, ಧೂಳು ಬೀಳ್ತಿರೋದು ನಿಮ್ಮ ತಲೆ ಮೇಲೆ. ನೀವೇ ಹತ್ತಿ."

ತಾವು ಹತ್ತಲಿಲ್ಲ. ಬೈಯಲೂ ಇಲ್ಲ. ಫ್ಯಾನು ಆರಿಸಿ, ಸಂಜೆಯವರೆಗೆ ಸೆಕೆಯಲ್ಲೇ ಕೂತಿದ್ದಿರೆಂದು ತಿಳಿದುಬಂದಿದೆ. ತಮ್ಮ ಬಗ್ಗೆ ಅರ್ಜಿದಾರಳಿಗೆ ಸ್ವಲ್ಪ ಗೌರವ ಹುಟ್ಟಿದ್ದು ಅಲ್ಲಿಯೇ.

ಆ ದಿನ ಯಜಮಾನರು ಮನೆಗೆ ಬಂದು ಇಷ್ಟನ್ನೇ ಹದಿನಾಲ್ಕು ಸಲ ಹೇಳಿದರು. ಹದಿನಾಲ್ಕು ಸಲವೂ ಅರ್ಜಿದಾರಳು "ಆಮೇಲೆ?" ಎಂದಳು. ಮುಲಾಮು ಹಚ್ಚುವಾಗ ಅವಳಿಗೆ ಅಳು ಬಂದಿತು. ಬೆನ್ನ ಹಿಂದೆ ಕೂತಿದ್ದರಿಂದ ಅವರಿಗೆ ಕಾಣಲಿಲ್ಲ. ಇಂಥ ಗಂಡ ಇಷ್ಟು ವರ್ಷ ಎಲ್ಲಿದ್ದ ಎಂದು ನನಗೆ, ಕ್ಷಮಿಸಿ, ಅರ್ಜಿದಾರಳಿಗೆ ಅನಿಸಿತು.

ಆಮೇಲೆ ಕೇಳಬೇಕೇ! ಅಂಗಡಿಯವನಿಗೆ "ಇನ್ನೊಂದ್ಸಲ ತೂಗಿ" ಎಂದರು. ಸಾಲಿನಲ್ಲಿ ಮುಂದೆ ನುಗ್ಗಿದವನಿಗೆ ಹಿಂದಿನ ಜಾಗ ತೋರಿಸಿದರು. ವರ್ಷಕ್ಕೆರಡು ಸಲ ತನ್ನ ಬೀರು ಕಪಾಟು ಸಾಗಿಸಲು ಕರೆಯುವ ಭಾವನಿಗೆ ಫೋನಿನಲ್ಲಿ "ಆಗಲ್ಲ ಭಾವ, ಬೆನ್ನ ಮೇಲೆ ಕೆಲಸ ನಡೀತಿದೆ" ಎಂದರು. 28ರಂದು ಎರಡನೇ ಕಂತಿನಲ್ಲಿ ಮೈ, ಹುರುಪೆ, ನಾಲ್ಕು ಕಾಲು ಬಂದವು. ಹೆಗಲಿಂದ ಹೆಗಲಿಗೆ ಹದಿನೇಳು ಅಂಗುಲ ಅಗಲದ ಬೆನ್ನು. ಅರ್ಜಿದಾರಳೇ ಅಳೆದಿದ್ದಾಳೆ, ಈಚೆಗೆ ಹದಿನೇಳೂವರೆ ಆಗಿತ್ತು.

5) ಇದೇ ತಿಂಗಳ 19ನೇ ತಾರೀಕು ಭಾನುವಾರ, ತಲೆಯ ಕಂತು. ಗದ್ದದ ಕೆಳಗೆ ಸಣ್ಣ ಅಕ್ಷರದಲ್ಲಿ ಹುಟ್ಟಿದ ದಿನ ಬರೆಯುವುದು ಹುಡುಗಿಯ ಪದ್ಧತಿ. ತಾರೀಕು ಕೇಳಿದಳು. ಬೇರೆಯವರಾದರೆ ಬಾಯಲ್ಲಿ ಹೇಳುತ್ತಿದ್ದರು. ಇವರು ಜೇಬಿನಿಂದ ಜನನ ಪ್ರಮಾಣಪತ್ರದ ಮೂರು ಪ್ರತಿ ತೆಗೆದುಕೊಟ್ಟರು. 30-1-1976, ಶುಕ್ರವಾರ.

ಹುಡುಗಿ ಪತ್ರ ನೋಡಿದಳು, ಪಟ ನೋಡಿದಳು, ಸೂಜಿ ಕೆಳಗಿಟ್ಟಳು.

"ಅಣ್ಣಾ, ಒಂದು ಎಡವಟ್ಟಾಗಿದೆ. ಚೀನಾದವರ ವರ್ಷ ಜನವರಿ ಒಂದಕ್ಕೆ ಶುರುವಾಗಲ್ಲ. ಚಂದ್ರನ ಲೆಕ್ಕ ಅದು, ಸಲಕ್ಕೊಂದು ತಾರೀಕು. ಆ ವರ್ಷ ಡ್ರ್ಯಾಗನ್ ಶುರುವಾಗಿದ್ದು ಜನವರಿ ಮೂವತ್ತೊಂದಕ್ಕೆ."

"ಅಂದ್ರೆ?"

"ನೀವು ಹಿಂದಿನ ವರ್ಷದ ಕೊನೇ ದಿನ. ಮೊಲ."

ದಿನವಿಡೀ ಊರವರ ಹುಟ್ಟಿದ ತಾರೀಕಿಗೆ ಮುದ್ರೆ ಒತ್ತುವ ಮನುಷ್ಯ, ತನ್ನ ತಾರೀಕಿನಲ್ಲೇ ಒಂದು ದಿನದ ಅಂತರದಲ್ಲಿ ಎಡವಿ ಬಿದ್ದರು. ಬೋರಲು ಮಲಗಿದಲ್ಲಿಂದಲೇ ಕೇಳಿದ್ದು ಇಷ್ಟೇ:

"ಮೊಲದ ಗುಣ ಏನಮ್ಮಾ?"

"ಒಳ್ಳೇದೇ ಅಣ್ಣ. ನಯ, ಸಮಾಧಾನ, ಎಚ್ಚರಿಕೆ. ಶಾಂತಿಪ್ರಿಯರು."

"ಕಿವಿ?"

"ಉದ್ದ."

ಹುಡುಗಿ ಒಳ್ಳೆಯವಳು. "ಬೇಕಂದ್ರೆ ಡ್ರ್ಯಾಗನ್ ತಲೇನೇ ಬರೀತೀನಿ, ಯಾರು ಕೇಳ್ತಾರೆ?" ಎಂದಳು. ಅದಕ್ಕೆ ಇವರು, "ಬೇಡ ಮಗೂ. ಅದು ಸುಳ್ಳು ದಾಖಲೆ ಆಗುತ್ತೆ" ಎಂದು ಎದ್ದು ಅಂಗಿ ಹಾಕಿಕೊಂಡರು. ಹುರುಪೆಯ ಮೈಗೆ ಮೊಲದ ತಲೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಆ ಪ್ರಾಣಿ ಇಂದಿನವರೆಗೂ ತಲೆಯಿಲ್ಲದೆ ಇರುತ್ತದೆ.

6) ಅರ್ಜಿದಾರಳು ಅತ್ತೆಯವರಿಗೆ ಫೋನು ಮಾಡಿ, ಹುಟ್ಟಿದ್ದು ಶುಕ್ರವಾರವೋ ಶನಿವಾರವೋ ಎಂದು ವಿಚಾರಿಸಿದಳು. ಸದರಿಯವರ ಹೇಳಿಕೆ: "ನಾನು ಹೆರ್ತಾ ಇದ್ದೆ ಕಣಮ್ಮಾ, ಕ್ಯಾಲೆಂಡರ್ ನೋಡ್ತಾ ಕೂತಿರ್ಲಿಲ್ಲ! ನಿಮಗೆ ಯಾವ ವಾರ ಬೇಕೋ ಹೇಳಿ, ಅದನ್ನೇ ಹೇಳ್ತೀನಿ." ಇಷ್ಟು ಸಾಕಿತ್ತು. 1976ರ ಮೂಲ ರಿಜಿಸ್ಟರು ಯಜಮಾನರ ಬೀರುವಿನಲ್ಲೇ ಇದೆ, ಕೀಲಿಕೈ ಅವರ ಜೇಬಿನಲ್ಲೇ ಇದೆ. ಸೊನ್ನೆ ಒಂದಾಗಲು ಪೆನ್ನಿನ ಒಂದು ಗೀಟು ಸಾಕು. "ಒಂದು ದಿನ ತಾನೇ, ತಿದ್ದಿ" ಎಂದು ಅರ್ಜಿದಾರಳು ಹೇಳಿದ್ದು ನಿಜ. ತಪ್ಪೊಪ್ಪಿಕೊಂಡಿದ್ದಾಳೆ. ಅವರು ಅವಳನ್ನು ಎಂಥ ನೋಟ ನೋಡಿದರೆಂದರೆ, ಆ ನೋಟದಲ್ಲಿ ಮೊಲ ಎಲ್ಲಿತ್ತೋ ದೇವರಿಗೇ ಗೊತ್ತು.

ಅಂದಿನಿಂದ ಹನ್ನೊಂದು ದಿನವಾಯಿತು. ಕೇಳಿದ್ದಕ್ಕೆಲ್ಲ "ಹೂಂ". ಭಾವನ ಕಪಾಟು ಸಾಗಿಸಿ ಬಂದಿದ್ದಾರೆ. 20ರಂದು ತಮಗೆ ಆ ಪತ್ರವನ್ನೂ ಬರೆದಿಟ್ಟಿದ್ದಾರೆ.

7) "ರೀ, ಏಣಿ ಹತ್ರ ಮಾತಾಡಿದ ದಿನ ನಿಮ್ಮ ಬೆನ್ನ ಮೇಲೆ ಇದ್ದಿದ್ದು ಬರೀ ಬಾಲ. ಬಾಲ ಮಾತಾಡುತ್ತೇನ್ರೀ?" ಎಂದು ಅರ್ಜಿದಾರಳು ಬಡಿದುಕೊಂಡದ್ದಾಯಿತು. ಹುಡುಗಿಯೂ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ಅದು ತಪ್ಪು ತಿಳಿವಳಿಕೆಯಿಂದ ಆಡಿದ ಮಾತು, ಊರ್ಜಿತವಲ್ಲ" ಎನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೆವು, ತಾನೇ ಮೊಲ ಎಂದು ಹಟ ಹಿಡಿದವರನ್ನು ಈಗ ಕಂಡದ್ದಾಯಿತು. ಹೆಂಡತಿಯ ಮಾತಿಗೆ ಸಹಿ ಇಲ್ಲ, ಮುದ್ರೆ ಇಲ್ಲ, ಆದಕಾರಣ ಅದನ್ನು ಅವರು ಪರಿಗಣಿಸುವುದಿಲ್ಲ.

8) ಇಷ್ಟೇ ಆಗಿದ್ದರೆ ಅರ್ಜಿದಾರಳು ಸಹಿಸಿಕೊಂಡು ಮುಲಾಮು ಹಚ್ಚುತ್ತ ಇರುತ್ತಿದ್ದಳು. ಆದರೆ ತಾವು ರಜೆಯಲ್ಲಿದ್ದಾಗ ಹೆಡ್ ಗುಮಾಸ್ತರು ಆ ಪತ್ರ ಓದಿದ್ದಾರೆ. "ಮಾತು ವಾಪಸ್ ತಗೊಂಡಿದ್ದಾರಲ್ಲ, ಇನ್ನೇನು ತಕರಾರು?" ಎಂದು, ಬರುವ ಸೋಮವಾರ ಎಲ್ಲ ಫ್ಯಾನು, ದೀಪ ಒರೆಸಲು ಗುಡಿಸುವ ಅಮ್ಮನಿಗೆ ಹೇಳಿದ್ದಾರೆ. ಆಕೆ ನಿನ್ನೆ ಅರ್ಜಿದಾರಳ ಅಂಗಡಿಗೆ ಬಂದು, ಏಣಿ ಮೇಲೆ ಕಾಲಿಗೆ ಸಿಕ್ಕಬಾರದೆಂದು ಸೀರೆಯ ಅಂಚು ಎರಡು ಬೆರಳು ಮೇಲೆ ಹೊಲಿಸಿಕೊಂಡು ಹೋದಳು. ಅರ್ಜಿದಾರಳು ಹಾಕಿದ ಆ ಹೊಲಿಗೆ ಸೊಟ್ಟಗೆ ಬಂದಿದೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ವಿಷಯ ಯಜಮಾನರಿಗೂ ಗೊತ್ತು. ರಾತ್ರಿ ಊಟ ಬಿಟ್ಟರು. ಪತ್ರವನ್ನು ಮಾತ್ರ ಹಿಂಪಡೆಯಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರಲ್ಲಿ ಬೇಡಿಕೊಳ್ಳುವುದೇನೆಂದರೆ, ಜನ್ಮದಿನಾಂಕ ತಿದ್ದುವುದು ಬೇಡ. ಅವರಿಗೆ ಅದು ಬೇಡವಾದ ಮೇಲೆ ನನಗೂ ಬೇಡ. ಆ ಪತ್ರವನ್ನು ಅರ್ಜಿದಾರಳ ಕೈಗೆ ಕೊಟ್ಟು, ಅದರ ಬದಲಿಗೆ ಕೆಳಗಿನ ಪ್ರಮಾಣಪತ್ರಕ್ಕೆ ತಮ್ಮ ಸಹಿ, ಕಚೇರಿಯ ಮುದ್ರೆ ದಯಪಾಲಿಸಬೇಕು. ಬೇರೆ ಯಾರು ಬರೆದರೂ ಅವರು ನಂಬುವುದಿಲ್ಲ. ಬೈಸಿಕೊಂಡವರೇ ಬರೆದುಕೊಟ್ಟರೆ ನಂಬದೆ ವಿಧಿಯಿಲ್ಲ.

"ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಕಳೆದ ತಿಂಗಳ 9ರಂದು ಬೆಳಿಗ್ಗೆ 11.20ಕ್ಕೆ ಈ ಕಚೇರಿಯಲ್ಲಿ, ನನ್ನ ಸಮಕ್ಷಮದಲ್ಲಿ, ನನ್ನ ವಿರುದ್ಧವೇ ಧೈರ್ಯವಾಗಿ ಮಾತನಾಡಿದ ಮೂರನೇ ಮೇಜಿನ ಗುಮಾಸ್ತರು ದಾಖಲೆ ಪ್ರಕಾರ ಮೊಲವೇ ಆಗಿದ್ದರು. ಸದರಿ ಸಮಯದಲ್ಲಿ ಕಚೇರಿಯಲ್ಲಿ ಬೇರೆ ಯಾವ ಪ್ರಾಣಿಯೂ ಹಾಜರಿರಲಿಲ್ಲ. ಅವರು ಆಡಿದ ಮಾತು ಊರ್ಜಿತವಾಗಿದೆ."

ಸೋಮವಾರ ಬೆಳಿಗ್ಗೆ ಏಣಿ ಹೊರಗೆ ಬರುವ ಮುಂಚೆ ಇದು ಮೂರನೇ ಮೇಜಿನ ಮೇಲಿದ್ದರೆ ಸಾಕು. ಆಮೇಲಿನದನ್ನು ಅವರೇ ನೋಡಿಕೊಳ್ಳುತ್ತಾರೆ. ತಾವು ಸ್ವಲ್ಪ ಸಿದ್ಧರಾಗಿರಿ.

ತಮ್ಮ ಉತ್ತರ ಬರುವವರೆಗೆ ಮಾತ್ರ ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಲಗತ್ತುಗಳು:
1) ಜನನ ಪ್ರಮಾಣಪತ್ರ, ಮೂರು ಪ್ರತಿ. ಮೂರಕ್ಕೂ ಸದರಿ ಗುಮಾಸ್ತರದ್ದೇ ದೃಢೀಕರಣ.
2) ಬೆನ್ನಿನ ನಕ್ಷೆ, ಹೊಲಿಗೆ ಕಾಗದದ ಮೇಲೆ, ನಿಜ ಅಳತೆಯಲ್ಲಿ. ತಲೆಯ ಜಾಗ ಖಾಲಿ ಬಿಡಲಾಗಿದೆ.
3) ಏಣಿ (ಲಗತ್ತಿಸಿಲ್ಲ, ತಮ್ಮಲ್ಲೇ ಇದೆ).

ವಿಶೇಷ ಸೂಚನೆ: ಅರ್ಜಿದಾರಳು ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಪ್ರಮಾಣಪತ್ರ ಕೈಗೆ ಸಿಗುವವರೆಗೆ ಏಳುವುದಿಲ್ಲ. ಪಟದ ಪ್ರಕಾರ ಅವಳು ಹುಲಿ ವರ್ಷದವಳು. ಹಚ್ಚೆ ಹಾಕಿಸಿಕೊಂಡಿಲ್ಲ. ಅಗತ್ಯ ಕಂಡುಬಂದಿರುವುದಿಲ್ಲ.