ಭಜನೆಗೆ ಮಗ್ಗ ಹಚ್ಚುವ ಕಾಕಾ

ನಮ್ಮ ಕಾಕಾ ಯಾವ ವಾದ್ಯ ನುಡಿಸುತ್ತಾರೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಇನ್ನೂ ತಿಳಿದಿಲ್ಲ. ಹೋದ ವಾರ ತಬಲಾ, ಈ ವಾರ ಏಕತಾರಿ, ಮುಂದಿನ ವಾರ ದೇವರೇ ಬಲ್ಲ!

ತೇರದಾಳದವರು ಒಮ್ಮೆ ಕಾರ್ಯಕ್ರಮಕ್ಕೆ ಕರೆದರು. ಪಾಂಪ್ಲೆಟ್ಟಿನಲ್ಲಿ ಇವರ ಹೆಸರಿನ ಮುಂದೆ ಏನು ಹಾಕಿಸುವುದು? ನಾನೇ ಹೋಗಿ ಕೇಳಿದೆ.

"ಅವತ್ತ ಯಾರು ಬಂದಿರೂದಿಲ್ಲ ನೋಡು, ಅವರ ವಾದ್ಯ ಹಾಕಸು," ಅಂದರು.

ಬಾರದವರು ಯಾರೆಂದು ಮೊದಲೇ ಹೇಗೆ ತಿಳಿಯಬೇಕು? ಕೊನೆಗೆ ಕಾಕಾ 'ಇತರರು' ಎಂದು ಅಚ್ಚಾದರು.

ಬನಹಟ್ಟಿಯ ಅವರ ಪವರ್‌ಲೂಮ್ ಶೆಡ್ಡಿನಲ್ಲಿ ಸೋಮವಾರ ಸಂಜೆ ಭಜನೆ. ಜಮಖಂಡಿ, ಮುಧೋಳದಿಂದ ಹಾಡುವವರನ್ನು ಕರೆತರುವುದು, ಮುನಿಸಿಕೊಂಡವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವುದು, ಚಹಾ ಕಾಸುವುದು ಎಲ್ಲ ಇವರದೇ. ತಾಳ ಹಾಕುವವಳು ಅವರ ಹೆಂಡತಿ, ನಮ್ಮ ಕಾಕು. ಮಗ್ಗಗಳ ನಡುವೆ ದುಡಿದು ದುಡಿದು ಅವಳ ಕಿವಿ ಪೂರ್ತಿ ಹೋಗಿದೆ, ಆದರೂ ತಾಳ ತಪ್ಪದು. ರೂಢಿ ಇರಬೇಕು ಎಂದುಕೊಂಡಿದ್ದೆವು.

ಇಷ್ಟೆಲ್ಲ ಮಾಡುವ ಕಾಕಾ, ಹಾಡು ಶುರುವಾದ ಕೂಡಲೇ ಎದ್ದು ಹೋಗಿ ನೂಲಿಲ್ಲದ ಒಂದು ಮಗ್ಗವನ್ನು ಚಾಲೂ ಮಾಡಿ ಬರುತ್ತಾರೆ! ಆ ಖಟಾಪಟ್ ಸದ್ದಿನಲ್ಲಿ ದೇವರಿಗಾದರೂ ಏನು ಕೇಳಿಸೀತು?

ರಬಕವಿಯ ಹಾರ್ಮೋನಿಯಂ ಮಾಸ್ತರು ಒಂದು ಸೋಮವಾರ ರೇಗಿಬಿಟ್ಟರು. "ಕಾಕಾರ, ಮಗ್ಗರೆ ಬಂದ್ ಆಗಬೇಕು, ಮೇಳರೆ ಬಂದ್ ಆಗಬೇಕು. ಯಾವದಂತ ಹೇಳ್ರಿ."

"ಮಗ್ಗ ನಡೀತದ್ರಿ," ಅಂದರು ಕಾಕಾ.

ಜೀವಮಾನವೆಲ್ಲ ತಿರುಗಿ ಕಟ್ಟಿದ ಮೇಳವನ್ನು ಹಳೆಯ ಮಗ್ಗಕ್ಕಾಗಿ ಬಿಟ್ಟುಕೊಡುವುದೇ? ನನ್ನ ತಲೆ ಕೆಟ್ಟುಹೋಯಿತು. ಇದೇ ಕೊನೆಯ ಭಜನೆ ಎಂದು ಸಾರಿ ಮಾಸ್ತರು ಹಾರ್ಮೋನಿಯಂ ತೆರೆದರು.

ಹಾಡಿನ ನಡುವೆ ಕರೆಂಟು ಹೋಯಿತು. ಮಗ್ಗ ನಿಂತಿತು. ಮಾಸ್ತರ ಮುಖ ಅರಳಿತು. ಅಷ್ಟರಲ್ಲಿ ಕಾಕುವಿನ ತಾಳ ತಪ್ಪಿತು!

ಅವಳ ಬರಿಗಾಲು ಮಗ್ಗದ ಬುಡಕ್ಕೆ ತಾಗಿಕೊಂಡಿದ್ದನ್ನು ನಾವು ನೋಡಿದ್ದು ಆಗಲೇ. ಅದು ಅದುರುವುದರಿಂದಲೇ ಅವಳಿಗೆ ಲಯ ಸಿಗುತ್ತಿತ್ತು. ಈಗ ಏನೂ ತಿಳಿಯದೆ ನಮ್ಮೆಲ್ಲರ ಬಾಯಿ ನೋಡತೊಡಗಿದಳು. ಕಾಕಾ ಪಕ್ಕದಲ್ಲಿ ಹೋಗಿ ಕೂತು, ಅವಳ ಮೊಣಕಾಲಿನ ಮೇಲೆ ಮೆಲ್ಲಗೆ ಬೆರಳು ಬಡಿಯತೊಡಗಿದರು. ತಾಳ ಮತ್ತೆ ಕೂಡಿತು.

ಅಂದು ವಾದ್ಯದವರೆಲ್ಲ ಬಂದಿದ್ದರು. ಇಲ್ಲದ್ದು ಮಗ್ಗದ ಸದ್ದೊಂದೇ. ಕಾಕಾ ಅದನ್ನೇ ನುಡಿಸಿದರು.

ಕರೆಂಟು ಬಂದಾಗ ಕಾಕಾ ಏಳಹೊರಟರು. ಮಾಸ್ತರು ಅವರ ಹೆಗಲು ಹಿಡಿದು ಕೂರಿಸಿ, ತಾವೇ ಹೋಗಿ ಮಗ್ಗ ಹಚ್ಚಿದರು.