ಚನ್ನವೀರಪ್ಪನವರ ಗುರುಮಾಪಕ

ಚನ್ನವೀರಪ್ಪ ಹಡಗಲಿಯವರು ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮೇಲೆ ಲೋಕೋದ್ಧಾರಕ್ಕೆ ಇಳಿದರು. ಮೊದಲು ಮಾಡಿದ್ದು ಹಾಲು ಉಕ್ಕಿದರೆ ಕೂಗುವ ಯಂತ್ರ. ಹಾಲು ಉಕ್ಕಿ, ಒಲೆ ಆರಿ, ಹೆಂಡತಿ ಕಟ್ಟೆ ಒರೆಸಿ ಮುಗಿಸಿದ ಮೇಲೆ ಅದು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು! ಈ ಸಲದ ಸೃಷ್ಟಿಯ ಹೆಸರು ಗುರುಮಾಪಕ. ತರಗತಿಯ ಗೋಡೆಗೆ ನೇತುಹಾಕಿದರೆ ಸಾಕು, ಪಾಠ ಮಾಡುವವರನ್ನು ಹನ್ನೆರಡು ಮಾನದಂಡಗಳಲ್ಲಿ ಅಳೆದು, ಒಂದೊಂದಕ್ಕೂ ಒಂದರಿಂದ ನಾಲ್ಕರವರೆಗೆ ಹಂತ ಕೊಟ್ಟು, ಬಸ್ ಟಿಕೆಟ್ಟಿನಂಥ ಚೀಟಿ ಉಗುಳುತ್ತದೆ. ನಾಲ್ಕು ಬಂದರೆ ಉತ್ತಮ. ಒಂದು ಬಂದರೆ ದೇವರೇ ಗತಿ.

ಮೊದಲ ಪ್ರಯೋಗ ಅಡುಗೆಮನೆಯಲ್ಲೇ ನಡೆಯಿತು. ಹೆಂಡತಿ ನೀಲಾಂಬಿಕಾ ಊರ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪಾಠ ಹೇಳುವ ಅಕ್ಕೋರು. ರೊಟ್ಟಿ ಆರುವ ಮುಂಚೆ ಊಟಕ್ಕೆ ಬನ್ನಿ ಎಂದು ಅವರು ಗಂಡನನ್ನು ಕರೆದರು, ಮತ್ತೆ ಕರೆದರು, ಕರೆಯುತ್ತಲೇ ಇದ್ದರು. ಟರ್ರೆಂದು ಚೀಟಿ ಬಂತು. ‘ಒಂದೇ ಸೂಚನೆ ಏಳು ಸಲ. ಕಲಿಯುವವನಲ್ಲಿ ಬದಲಾವಣೆ ಇಲ್ಲ. ಹಂತ ಒಂದು.’

“ಯಂತ್ರ ಬರೋಬ್ಬರಿ ಐತಿ,” ಎಂದರು ಅಕ್ಕೋರು. “ಕಲಿಯಾವ ಸರಿ ಇಲ್ಲ.”

ನಗುವ ಮಾತು ಅಲ್ಲಿಗೇ ಮುಗಿಯಿತು. ಆ ವರ್ಷ ನಾಲ್ಕನೇ ಇಯತ್ತೆಯ ಎರಡೂ ವರ್ಗ ಸೇರಿಸಿದರೆ ಮಕ್ಕಳು ಬರೀ ನಲವತ್ಮೂರು. ಐವತ್ತಕ್ಕಿಂತ ಕಡಿಮೆಯಾದರೆ ಎರಡನ್ನೂ ಒಂದು ಮಾಡುವುದು ಆಡಳಿತ ಮಂಡಳಿಯ ನಿಯಮ. ಗುರುಮಾಪಕದ ಸುದ್ದಿ ಕೇಳಿದ ಅಧ್ಯಕ್ಷ ರಾಚಪ್ಪ ಕೋರಿಶೆಟ್ಟರು, ಇಬ್ಬರು ಶಿಕ್ಷಕರನ್ನೂ ಮೂರು ವಾರ ಅಳೆಯಲಿ, ಕಡಿಮೆ ಅಂಕ ಬಂದವರು ನಲವತ್ತು ಕಿಲೋಮೀಟರ್ ಆಚೆಯ ನಮ್ಮ ಇನ್ನೊಂದು ಶಾಲೆಗೆ ಹೋಗಲಿ ಎಂದು ಅಪ್ಪಣೆ ಕೊಟ್ಟುಬಿಟ್ಟರು. ‘ಅ’ ವರ್ಗಕ್ಕೆ ಇನಾಮದಾರ ಸರ್, ‘ಬ’ ವರ್ಗಕ್ಕೆ ನೀಲಾಂಬಿಕಾ ಅಕ್ಕೋರು. ‘ಬ’ ವರ್ಗದ ಇಪ್ಪತ್ತೆರಡು ಮಕ್ಕಳನ್ನು ಅವರು ಒಂದನೇ ಇಯತ್ತೆಯಿಂದ ಕೈಹಿಡಿದು ತಂದಿದ್ದರು. ಇವರನ್ನು ನಾಲ್ಕನೆಯದು ದಾಟಿಸದೆ ಎಲ್ಲಿಗೂ ಹೋಗೆನೆಂದು ಹಟ ಹಿಡಿದರು.

ಎರಡೂ ವರ್ಗಗಳಿಗೆ ಒಂದೊಂದು ಗುರುಮಾಪಕ ನೇತುಹಾಕುತ್ತ ಗಂಡ ‘ಬ’ ವರ್ಗಕ್ಕೆ ಮೊಳೆ ಹೊಡೆಯಲು ಬಂದಾಗ ಅಕ್ಕೋರ ಮುಖ ಗಂಟಿಕ್ಕಿಕೊಂಡೇ ಇತ್ತು. ಚನ್ನವೀರಪ್ಪನವರು ಮಾತ್ರ ಉತ್ಸಾಹದಿಂದ ವಿವರಿಸಿದರು. ಮಕ್ಕಳು ಒಬ್ಬರ ಹಿಂದೊಬ್ಬರು ಅಡಗಿ ಕೂಡುವುದರಿಂದ ತನ್ನ ಯಂತ್ರ ತಲೆ ಎಣಿಸುವುದಿಲ್ಲವಂತೆ, ಎತ್ತಿದ ಕೈ ಎಣಿಸುತ್ತದಂತೆ. ಹೆಚ್ಚು ಕೈ ಎದ್ದಷ್ಟೂ ಹೆಚ್ಚು ಅಂಕ.

“ಮನಿಯಾಕಿ ಅಂತ ಯಂತ್ರ ನಿನಗ ದಯಾ ತೋರ್ಸಂಗಿಲ್ಲ, ನೀಲಾ,” ಎಂದರು. “ಅದಕ್ಕ ಹೆಂಡ್ತಿ ಅಂದ್ರೇನು ಅನ್ನೋದು ಗೊತ್ತಿಲ್ಲ.”

“ನಿಮಗರ ಗೊತ್ತೈತೇನ್ರಿ?”

ಶುರುವಾಯಿತು ಪರೀಕ್ಷೆ. ಪ್ರಶ್ನೆ ಕೇಳಿ ಮಕ್ಕಳಿಗೆ ಯೋಚಿಸಲು ಸಮಯ ಕೊಟ್ಟರೆ ‘ಶಿಕ್ಷಕಿ ಸುಮ್ಮನೆ ನಿಂತಿದ್ದಾರೆ’ ಎಂದು ಚೀಟಿ. ಸೀನಿದರೆ ‘ವಿಷಯಾಂತರ’. ಪಕ್ಕದ ಕೋಣೆಯಲ್ಲಿ ಇನಾಮದಾರ ಸರ್ ಹಳೆಯ ಇನ್ಸ್‌ಪೆಕ್ಷನ್ ಕಾಲದ ಮಂತ್ರ ಊದಿದ್ದರು: ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ, ಎತ್ತುವುದನ್ನು ಮಾತ್ರ ಮರೆಯಬೇಡಿ. ಇಪ್ಪತ್ತೊಂದು ಮಕ್ಕಳು, ಇಪ್ಪತ್ತೊಂದು ಕೈ, ಪೂರ್ತಿ ಅಂಕ! ಅಕ್ಕೋರೂ ಹಾಗೇ ಮಾಡಲಿ ಎಂದು ಹಿತೈಷಿಗಳು ಕಿವಿಯೂದಿದರು. ಅವರು ಒಪ್ಪಲಿಲ್ಲ. ಗೊತ್ತಿದ್ದವರು ಮಾತ್ರ ಕೈ ಎತ್ತಿ; ಗೊತ್ತಿಲ್ಲದವರಿಗೆ ಗೊತ್ತು ಮಾಡುವುದು ನನ್ನ ಕೆಲಸ ಎಂದು ಮಕ್ಕಳಿಗೆ ಹೇಳಿಬಿಟ್ಟರು. ಮೊದಲ ದಿನ ಎದ್ದದ್ದು ಐದೇ ಕೈ.

ಪಾಠ ಭಿನ್ನರಾಶಿಯದು. ಹಲಗೆಯ ಮೇಲೆ ಎಷ್ಟು ಬರೆದರೂ ಮಕ್ಕಳ ತಲೆಗೆ ಹೋಗಲಿಲ್ಲ. ಮರುದಿನದಿಂದ ಅಕ್ಕೋರು ನಸುಕಿನಲ್ಲೆದ್ದು ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದು ತಂದರು. ಅರ್ಧ ಮುರಿ, ಕಾಲು ಮುರಿ, ಪಕ್ಕದವಳಿಗೆ ಮೂರರಲ್ಲೊಂದು ಪಾಲು ಕೊಡು. ಯಂತ್ರ ಬಿಡಲಿಲ್ಲ. ‘ಬೋಧನೋಪಕರಣವನ್ನು ವಿದ್ಯಾರ್ಥಿಗಳು ತಿಂದಿದ್ದಾರೆ. ಹಂತ ಒಂದು.’ ಅಕ್ಕೋರು ಆ ಚೀಟಿಯಿಂದಲೇ ಕೈ ಒರೆಸಿಕೊಂಡು ಇನ್ನೊಂದು ರೊಟ್ಟಿ ಮುರಿದರು. ಮನೆಯಲ್ಲಿ ಜೋಳದ ಡಬ್ಬಿ ಬರಿದಾಯಿತು, ಗಂಡನಿಗೆ ಅನ್ನವೇ ಗತಿಯಾಯಿತು. ಕೈಗಳು ಐದರಿಂದ ಒಂಬತ್ತಾದವು, ಹದಿನಾಲ್ಕಾದವು.

ಕಡೆಯ ದಿನ ಕೋರಿಶೆಟ್ಟರು ಚನ್ನವೀರಪ್ಪನವರನ್ನೂ ಕರೆದುಕೊಂಡು ಖುದ್ದಾಗಿ ಬಂದು ಕೂತರು. ಅಕ್ಕೋರು ಮಕ್ಕಳತ್ತ ತಿರುಗಿದರು. ಒಂದೇ ಪ್ರಶ್ನೆ ಕೇಳಿದರು: ಒಂದು ರೊಟ್ಟಿಯೊಳಗ ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದು ಪಾಲು ದೊಡ್ಡದೋ?

ಮೂರು ವಾರ ಇದಕ್ಕೇ ಜಗಳಾಡಿ ತಿಂದ ಮಕ್ಕಳು! ಒಂದು ಕೈ ಎತ್ತಿದರೆ ಅಕ್ಕೋರಿಗೆ ಕಾಣದೇ ಹೋದೀತೆಂದು ಎರಡೆರಡು ಎತ್ತಿದರು, ಬೆಂಚಿನ ಮೇಲೆ ಹತ್ತಿ ಎತ್ತಿದರು. ಇಪ್ಪತ್ತೆರಡರಲ್ಲಿ ಒಬ್ಬರೂ ಬಾಕಿ ಇಲ್ಲ. ಅಕ್ಕೋರ ಕಣ್ಣು ತುಂಬಿ ಬಂತು. ಯಂತ್ರ ಗಿರಗಿರನೆ ಸದ್ದು ಮಾಡಿ, ಬಿಸಿಯಾಗಿ, ಮೊಳದುದ್ದದ ಚೀಟಿ ಕಕ್ಕಿತು. ‘ಎಲ್ಲ ಮಾನದಂಡ ಹಂತ ನಾಲ್ಕು. ಮಕ್ಕಳು ನಲವತ್ನಾಲ್ಕು. ಒಬ್ಬ ಶಿಕ್ಷಕಿ ಸಾಲದು.’

ಕೋರಿಶೆಟ್ಟರು ಬೆರಳು ಮಡಚಿದರು. ಇಲ್ಲಿ ನಲವತ್ನಾಲ್ಕು, ಪಕ್ಕದಲ್ಲಿ ಇಪ್ಪತ್ತೊಂದು, ಒಟ್ಟು ಅರವತ್ತೈದು. ಐವತ್ತು ದಾಟಿದ ಮೇಲೆ ವರ್ಗ ಕೂಡಿಸುವ ಮಾತೇ ಇಲ್ಲವೆಂದು ಅಲ್ಲೇ ಘೋಷಿಸಿದರು. ನನ್ನ ಮಕ್ಕಳು ಇಪ್ಪತ್ತೆರಡೇ ಎಂದು ಅಕ್ಕೋರು ಒಮ್ಮೆ ಹೇಳಿದರು, ಹಾಜರಿ ಪುಸ್ತಕ ತೆರೆದು ಇನ್ನೊಮ್ಮೆ ಹೇಳಿದರು. ಅಧ್ಯಕ್ಷರು ಪುಸ್ತಕ ಬಿಟ್ಟು ಚನ್ನವೀರಪ್ಪನವರ ಕಡೆ ತಿರುಗಿದರು.

“ಏನ್ರಿ ಹಡಗಲಿಯವರ, ನಿಮ್ಮ ಯಂತ್ರ ತಪ್ಪತೈತೇನು?”

ಚನ್ನವೀರಪ್ಪನವರಿಗೆ ತಪ್ಪು ಎಲ್ಲಾಯಿತೆಂದು ಆಗಲೇ ಹೊಳೆದಿತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು.

“ಸಾಧ್ಯನ ಇಲ್ರಿ,” ಎಂದರು.

“ಹಂಗಾರ ಉಳಿದ ಇಪ್ಪತ್ತೆರಡು ಮಂದಿ ಶಾಲಿ ತಪ್ಪಿಸಿ ಅಡ್ಡಾಡಾಕತ್ಯಾರ. ನಿಮ್ಮ ಯಂತ್ರ ನೋಡೇತಿ, ನೀವ ಹುಡಿಕ್ಯಾಡಿ ತರ್ರಿ.”

ಆವತ್ತಿನಿಂದ ಚನ್ನವೀರಪ್ಪನವರು ಬಿಸಿಲಲ್ಲಿ ಓಣಿ ಓಣಿ ತಿರುಗಿದರು, ಇಲ್ಲದ ಮಕ್ಕಳನ್ನು ಹುಡುಕಿಕೊಂಡು! ಎಂಟನೆಯ ದಿನ ಊರಾಚೆಯ ಇಟ್ಟಂಗಿ ಭಟ್ಟಿಯಲ್ಲಿ, ಯಾವ ಶಾಲೆಯ ಪುಸ್ತಕದಲ್ಲೂ ಹೆಸರಿಲ್ಲದ ಅಕ್ಕತಂಗಿಯರಿಬ್ಬರು ಸಿಕ್ಕರು. ತಾಯಿಯನ್ನು ಒಪ್ಪಿಸಿ ಕರೆತಂದರು. ಅಕ್ಕೋರು ಇಬ್ಬರ ಹೆಸರನ್ನೂ ಬರೆದುಕೊಂಡು, ಮುಂದಿನ ಬೆಂಚಿನಲ್ಲಿ ಕೂರಿಸಿ, ಕೈಗೆ ಅರ್ಧರ್ಧ ರೊಟ್ಟಿ ಕೊಟ್ಟರು. ಗಂಡ ಉಸ್ಸೆಂದು ತರಗತಿಯ ಹೊಸ್ತಿಲಲ್ಲಿ ಕುಸಿದು ಕಾಲಿನತ್ತ ಬಗ್ಗಿದರು.

“ಚಪ್ಪಲಿ ಬಿಚ್ಚಬ್ಯಾಡ್ರಿ,” ಎಂದರು ಅಕ್ಕೋರು. “ಇನ್ನ ಇಪ್ಪತ್ತು ಮಂದಿ ಬಾಕಿ ಅದಾರ.”