ಸದರಿ ದೃಶ್ಯವು ಗುಮಾಸ್ತರ ಸುಪರ್ದಿನಲ್ಲಿದೆ

ಚಲನಚಿತ್ರ ಪರಿಶೀಲನಾ ಕಚೇರಿಯ ದಾಸ್ತಾನು ಪುಸ್ತಕದ ನೂರ ಹದಿನೇಳನೇ ಪುಟದಲ್ಲಿ ಹೀಗೆ ದಾಖಲಾಗಿದೆ: "ಅಶ್ಲೀಲ ದೃಶ್ಯ, ದೆವ್ವದ್ದು, ಒಂದು. ಅವಧಿ ನಾಲ್ಕು ನಿಮಿಷ. ಸುಪರ್ದು: ವರ್ಣನಾ ಗುಮಾಸ್ತ." ದಾಸ್ತಾನು ಪುಸ್ತಕ ತಪ್ಪಾಗಲು ನಿಯಮಗಳಲ್ಲಿ ಅವಕಾಶವಿಲ್ಲ. ಆದ್ದರಿಂದ ದೃಶ್ಯ ಇದ್ದೇ ಇತ್ತು. ಅದನ್ನು ಯಾರೂ ಚಿತ್ರೀಕರಿಸಿರಲಿಲ್ಲ, ಅಷ್ಟೆ.

ವರ್ಣನಾ ಗುಮಾಸ್ತರ ಕೆಲಸ ಬಹಳ ಜವಾಬ್ದಾರಿಯದು. ಸಾರ್ವಜನಿಕರು ಯಾವುದನ್ನು ನೋಡಬಾರದೋ ಅದನ್ನು ಅವರು ನೋಡಿ, ಕತ್ತರಿ ಎಲ್ಲಿ ಹಾಕಬೇಕೆಂದು ತಿಳಿಯುವಂತೆ ವಿವರವಾಗಿ ಬರೆಯಬೇಕು. ಮೂವತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವರ ಪಾಲಿಗೆ ಒಂದು ದೆವ್ವದ ಚಿತ್ರ ಬಂತು. ವಸತಿಗೃಹಕ್ಕೆ ಬಂದ ಗಂಡಸರನ್ನು ಒಬ್ಬೊಬ್ಬರನ್ನಾಗಿ ಮೋಹಿಸಿ ಮುಗಿಸುವ ದೆವ್ವ ಅದು. ಗುಮಾಸ್ತರಿಗೆ ಮೋಹದ ಬಗ್ಗೆ ತಕರಾರಿರಲಿಲ್ಲ. ದೆವ್ವ ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಪರದೆಯ ಮೇಲೆ ಬಾಗಿಲು ಕಿರ್ರೆಂದದ್ದೇ ತಡ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡವರು ಮತ್ತೆ ಕಣ್ಣು ಬಿಟ್ಟದ್ದು ನಾಲ್ಕು ನಿಮಿಷದ ಮೇಲೆ. ಪಕ್ಕದಲ್ಲಿದ್ದ ಸದಸ್ಯರಲ್ಲಿ ಒಬ್ಬರು ಚಹಾಕ್ಕೆ ಹೋಗಿದ್ದರು, ಇನ್ನೊಬ್ಬರು ಗೊರಕೆ ಹೊಡೆಯುತ್ತಿದ್ದರು. ವರದಿಯಲ್ಲಿ ನಾಲ್ಕು ನಿಮಿಷದ ಜಾಗ ಖಾಲಿ ಬಿಡುವಂತಿಲ್ಲ. ಮದುವೆಯಾಗಿ ಆಗ ಹನ್ನೊಂದು ದಿನವಾಗಿತ್ತು. ತೋಚಿದ್ದನ್ನು ಬರೆದುಕೊಟ್ಟರು.

ವರ್ಣನೆ ಕತ್ತರಿ ವಿಭಾಗಕ್ಕೆ ಹೋಯಿತು. ಅವರು ರೀಲುಗಳನ್ನೆಲ್ಲ ಜಾಲಾಡಿದರು. ದೃಶ್ಯ ಸಿಗಲಿಲ್ಲ ಎಂದು ಹೇಳಲು ನಾಲ್ಕು ಪ್ರತಿಗಳಲ್ಲಿ ನಮೂನೆ ತುಂಬಬೇಕಿತ್ತು. ಕತ್ತರಿಸಲಾಗಿದೆ ಎನ್ನಲು ಒಂದು ಸಹಿ ಸಾಕಿತ್ತು. ಸಹಿ ಹಾಕಿ, ತುಂಡು ವರ್ಣನೆ ಬರೆದವರ ಸುಪರ್ದಿನಲ್ಲಿದೆ ಎಂದು ದಾಸ್ತಾನು ವಿಭಾಗಕ್ಕೆ ತಿಳಿಸಿ ಕೈತೊಳೆದುಕೊಂಡರು. ನಾಲ್ಕು ನಿಮಿಷ ತೆಗೆದುಹಾಕಿದ್ದಾರಂತೆ ಎಂಬ ಸುದ್ದಿ ಹಬ್ಬಿ, ಇಲ್ಲದ ಆ ನಾಲ್ಕು ನಿಮಿಷಕ್ಕಾಗಿ ಜನ ಮುಗಿಬಿದ್ದು ಚಿತ್ರವನ್ನು ನೂರು ದಿನ ಓಡಿಸಿದರು. ಕಚೇರಿಯಲ್ಲಿ ಆ ಕಡತದ, ವರ್ಣನೆಯಿದ್ದ ಏಳನೇ ಹಾಳೆ ಕೈಯಿಂದ ಕೈಗೆ ಹೋಗಿ ಹೋಗಿ ಹಳೆಯ ಕರವಸ್ತ್ರದಷ್ಟು ಮೆತ್ತಗಾಗಿತ್ತು.

ಈಗ ಒಂದು ಕಂಪನಿಯವರು ಆ ಚಿತ್ರವನ್ನು ಮನೆಯಲ್ಲೇ ಕೂತು ನೋಡುವ ಡಿಸ್ಕಿನಲ್ಲಿ ಹೊರತರಲು ಹೊರಟು, ಕತ್ತರಿಸಿದ ದೃಶ್ಯವನ್ನು ಮರಳಿಸಬೇಕೆಂದು ಅರ್ಜಿ ಹಾಕಿದರು. ಗುಮಾಸ್ತರ ನಿವೃತ್ತಿಗೆ ಮೂರು ವಾರವಿತ್ತು. ದಾಸ್ತಾನು ಅಧಿಕಾರಿಣಿ ಅವರನ್ನು ಕರೆಸಿ ನೂರ ಹದಿನೇಳನೇ ಪುಟ ತೋರಿಸಿದರು.

"ದೃಶ್ಯ ನಿಮ್ಮ ಹತ್ರ ಇದೆ. ಒಪ್ಪಿಸಿ, ಬಾಕಿ ಏನೂ ಇಲ್ಲ ಅಂತ ಬೇಬಾಕಿ ಪತ್ರ ತಗೊಳ್ಳಿ. ಅದಿಲ್ಲದೆ ಪಿಂಚಣಿ ಇಲ್ಲ."

ಒಂದುವೇಳೆ ದೃಶ್ಯ ನಿಜಕ್ಕೂ ಇದ್ದು, ಎಲ್ಲಾದರೂ ಅಂಟಿಕೊಂಡಿದ್ದರೆ ಎಂಬ ಆಸೆಯಿಂದ ಗುಮಾಸ್ತರು ಕಂಪನಿಯ ಮಾದರಿ ಡಿಸ್ಕನ್ನೂ ಏಳನೇ ಹಾಳೆಯ ನಕಲನ್ನೂ ಮನೆಗೆ ತಂದರು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. ಒಬ್ಬರೇ ನೋಡುವ ಧೈರ್ಯ ಈಗಲೂ ಇರಲಿಲ್ಲ.

"ಇದಕ್ಕಾ ರೀ ನೀವು ಹೆದರಿದ್ದು? ಪಾಪ, ಅದರ ವಿಗ್ಗು ಜಾರ್ತಾ ಇದೆ ನೋಡಿ," ಎಂದು ಹೆಂಡತಿ ಕಡಲೆಬೀಜ ಬಿಡಿಸುತ್ತ ನಕ್ಕರು.

ಆ ನಾಲ್ಕು ನಿಮಿಷ ಬಂತು. ದೆವ್ವ ಬಾಗಿಲು ತೆರೆಯಿತು, ಮೆಟ್ಟಿಲಿಳಿಯಿತು, ಹೊರಟುಹೋಯಿತು. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದರೂ ಅಷ್ಟೆ. ಹೆಂಡತಿ ಕನ್ನಡಕ ಹಾಕಿಕೊಂಡು ಏಳನೇ ಹಾಳೆಯನ್ನು ಕೈಗೆತ್ತಿಕೊಂಡರು.

"ಸದರಿ ಸ್ತ್ರೀರೂಪಿ ದೆವ್ವವು ತನ್ನ ಒದ್ದೆ ಕೂದಲನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ವರ್ಗಾಯಿಸುತ್ತದೆ. ಅವಧಿ: ಹದಿನಾಲ್ಕು ಸೆಕೆಂಡು. ವರ್ಗಾವಣೆಯ ಕಾಲದಲ್ಲಿ ಕತ್ತಿನ ಹಿಂಭಾಗದಲ್ಲಿ ಮಚ್ಚೆಯೊಂದು ಕಂಡುಬರುತ್ತದೆ. ಅನಂತರ ಸದರಿ ದೆವ್ವವು ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎದುರಿಗಿರುವವನನ್ನು ನೋಡಿ, ನಗದಂತೆ ನಗುತ್ತದೆ. ಈ ನಗು ಸಾರ್ವಜನಿಕ ಪ್ರದರ್ಶನಕ್ಕೆ ಯೋಗ್ಯವಲ್ಲ."

ಅವರು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು.

"ರೀ, ಈ ಮಚ್ಚೆ ಯಾರದು?"

"ದೆವ್ವದ್ದು."

"ದೆವ್ವಕ್ಕೂ ಹೇರ್‌ಪಿನ್ ಕಚ್ಚಿಕೊಳ್ಳೋ ಅಭ್ಯಾಸ ಇತ್ತಾ?"

ಗುಮಾಸ್ತರು ಕಡಲೆಬೀಜದ ಸಿಪ್ಪೆಯನ್ನು ಗುಡ್ಡೆ ಮಾಡತೊಡಗಿದರು.

"ಮೂವತ್ತೊಂದು ವರ್ಷದಿಂದ ನಾನು ನಿಮ್ಮ ಆಫೀಸಿನ ಕಡತದಲ್ಲಿದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ಗೌಪ್ಯ ಕಡತ ಕಣೆ," ಎಂದರು ಗುಮಾಸ್ತರು ಸಣ್ಣ ದನಿಯಲ್ಲಿ. ಹೆಂಡತಿ ಒಳಗೆ ಹೋದರು. ಸಿಟ್ಟಾಗಿರಬೇಕೆಂದು ಗುಮಾಸ್ತರು ಬಗ್ಗಿ ನೋಡಿದರೆ, ಅವರು ಕನ್ನಡಿಯ ಮುಂದೆ ಕತ್ತು ತಿರುಗಿಸಿ ಮಚ್ಚೆ ಹುಡುಕುತ್ತಿದ್ದರು.

ಸೋಮವಾರ ಗುಮಾಸ್ತರು ಇದ್ದದ್ದು ಇದ್ದಹಾಗೆ ತಪ್ಪೊಪ್ಪಿಗೆ ಬರೆದುಕೊಟ್ಟರು. ಅಧ್ಯಕ್ಷರು ಓದಿ ಬೇಸರಪಟ್ಟುಕೊಂಡರು. ಅಂದು ಗೊರಕೆ ಹೊಡೆಯುತ್ತಿದ್ದ ಸದಸ್ಯರೇ ಬಡ್ತಿಯ ಮೇಲೆ ಬಡ್ತಿ ಪಡೆದು ಈಗ ಅಧ್ಯಕ್ಷರಾಗಿದ್ದರು.

"ದೃಶ್ಯ ಇಲ್ಲ ಅಂತ ಹೆಂಗ್ರೀ ಬರೀತೀರ? ನಾನೇ ಕಣ್ಣಾರೆ ನೋಡಿದ್ದೀನಿ. ಆ ನಗು! ಅಬ್ಬಬ್ಬಾ, ಇವತ್ತಿಗೂ ಮರೆತಿಲ್ಲ. ಕಡತದಲ್ಲಿ ಇರೋದನ್ನ ಇಲ್ಲ ಅನ್ನೋಕೆ ಗುಮಾಸ್ತ ದರ್ಜೆಯವರಿಗೆ ಅಧಿಕಾರ ಇಲ್ಲ."

ದಾಸ್ತಾನು ಅಧಿಕಾರಿಣಿ ಮಾತ್ರ ತಪ್ಪೊಪ್ಪಿಗೆಯನ್ನು ಎರಡು ಸಲ ಓದಿ, ಹೆಂಡತಿಯ ವಿಷಯ ಬಂದಲ್ಲಿ ಕೆಂಪು ಗೆರೆ ಎಳೆದರು.

"ವರ್ಣನೆ ನಿಮ್ಮ ಮನೆಯವರಿಗೆ ಹೊಂದುತ್ತೆ ಅಂತೀರಿ. ಹಾಗಾದ್ರೆ ದೃಶ್ಯ ನಿಮ್ಮ ಮನೇಲೇ ಇದೆ. ಕಚೇರಿ ಸ್ವತ್ತು. ಒಪ್ಪಿಸಿ."

"ಮೇಡಂ, ಅವಳು ನನ್ನ ಹೆಂಡ್ತಿ."

"ನಾನೇನು ಇಲ್ಲ ಅಂದ್ನಾ? ಒಪ್ಪಿಸೋಕೆ ಮನಸ್ಸಿಲ್ಲದಿದ್ರೆ ಇನ್ನೊಂದು ದಾರಿ ಇದೆ." ಅವರು ಕಪಾಟಿನಿಂದ ಹಸಿರು ನಮೂನೆಯೊಂದನ್ನು ತೆಗೆದರು. ಮುರಿದ ಕುರ್ಚಿ, ತೂತು ಬಿದ್ದ ಬಕೆಟ್ಟುಗಳನ್ನು ದಾಸ್ತಾನಿನಿಂದ ಕೈಬಿಡುವ ನಮೂನೆ ಅದು. "ಮೂವತ್ತೊಂದು ವರ್ಷದ ಬಳಕೆಯಿಂದ ಸದರಿ ಸ್ವತ್ತು ಸವೆದು ನಿರುಪಯುಕ್ತವಾಗಿದೆ ಅಂತ ಸಹಿ ಹಾಕಿ. ಸಂಜೆಯೊಳಗೆ ಬೇಬಾಕಿ ಪತ್ರ ಕೊಡ್ತೀನಿ."

ಗುಮಾಸ್ತರು ನಮೂನೆಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟರು. ಎದುರಿಗೆ ಪಿಂಚಣಿ, ನಡುವೆ ಒಂದು ಸಹಿ. ಹೆಂಡತಿ ಓದಿದರು.

"ಸಹಿ ಹಾಕ್ತೀರಾ?"

ಗುಮಾಸ್ತರು ವೃತ್ತಿಜೀವನದಲ್ಲಿ ಸಾವಿರಾರು ಸುಳ್ಳುಗಳಿಗೆ ಕಣ್ಣು ಮಿಟುಕಿಸದೆ ಸಹಿ ಹಾಕಿದ್ದರು. ಪೆನ್ನು ತೆರೆದು ಹೆಂಡತಿಯ ಮುಖ ನೋಡಿದರು. ಕೈ ಏಳಲಿಲ್ಲ. ಅವಳಿಲ್ಲದೆ ತಾನು ಬರೆದ ಒಂದೇ ಒಂದು ಒಳ್ಳೆಯ ಹಾಳೆ ಹುಟ್ಟುತ್ತಲೇ ಇರಲಿಲ್ಲ ಎಂದು ಅವರಿಗೆ ಅನ್ನಿಸಿತು. ನಮೂನೆಯ ಅಡ್ಡಕ್ಕೆ ದೊಡ್ಡದಾಗಿ "ಸವೆದಿಲ್ಲ" ಎಂದು ಬರೆದು, ಕೆಳಗೆ ತಾರೀಖು ಹಾಕಿದರು.

"ಪಿಂಚಣಿ ಹೋಗುತ್ತೆ," ಎಂದರು.

"ಹೋಗೋದು ಹೇಗೆ ಅಂತ ನಾನೂ ನೋಡ್ತೀನಿ. ನಾಳೆ ನಾನೂ ಬರ್ತೀನಿ, ನಡೀರಿ," ಎಂದರು ಹೆಂಡತಿ.

ಮರುದಿನ ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಸ್ವತ್ತಿನ ಭೌತಿಕ ಪರಿಶೀಲನೆ ನಡೆಯಿತು. ಅಧ್ಯಕ್ಷರು ನಡುವೆ ಕೂತರು. ಕಂಪನಿಯ ಪ್ರತಿನಿಧಿ ಒಂದು ಬದಿಗೆ. ದಾಸ್ತಾನು ಅಧಿಕಾರಿಣಿ ಗಡಿಯಾರ ಹಿಡಿದು ಏಳನೇ ಹಾಳೆಯನ್ನು ಗಟ್ಟಿಯಾಗಿ ಓದಿದರು. ಗುಮಾಸ್ತರ ಹೆಂಡತಿ ಅಂದು ಬೆಳಿಗ್ಗೆ ತಲೆಸ್ನಾನ ಮಾಡಿದ್ದರು. ಅರೆ ನರೆತ ಒದ್ದೆ ಕೂದಲನ್ನು ಅವರು ಬಲ ಹೆಗಲಿನಿಂದ ಎಡ ಹೆಗಲಿಗೆ ವರ್ಗಾಯಿಸಿದರು. ಮಚ್ಚೆ ಕಂಡುಬಂತು. ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಷ್ಟು ಜನರ ನಡುವೆ ಗಂಡನೊಬ್ಬನನ್ನೇ ನೋಡಿ, ನಗದಂತೆ ನಕ್ಕರು. ಗುಮಾಸ್ತರು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು. ಕುರ್ಚಿ ಇತ್ತು.

ಅಧ್ಯಕ್ಷರು ಎರಡು ಲೋಟ ನೀರು ಕುಡಿದರು.

"ಹದಿನೈದು ಸೆಕೆಂಡು," ಎಂದರು ಅಧಿಕಾರಿಣಿ. "ಕಡತಕ್ಕಿಂತ ಒಂದು ಜಾಸ್ತಿ."

"ವಯಸ್ಸಿನ ದೃಷ್ಟಿಯಿಂದ ಒಂದು ಸೆಕೆಂಡು ವಿನಾಯಿತಿ ಕೊಡಿ," ಎಂದರು ಅಧ್ಯಕ್ಷರು. "ಇದೇ. ಇದೇ ದೃಶ್ಯ. ನಾನು ಅವತ್ತು ನೋಡಿದ್ದು ಇದನ್ನೇ."

ಆದೇಶ ಅಂದೇ ಹೊರಬಿತ್ತು: "ಸದರಿ ದೃಶ್ಯವನ್ನು ಪರಿಶೀಲಿಸಲಾಗಿ, ಮೂಲ ಸ್ಥಿತಿಯಲ್ಲಿರುವುದು ದೃಢಪಟ್ಟಿದೆ. ಈಗಲೂ ಸಾರ್ವಜನಿಕ ಪ್ರದರ್ಶನಕ್ಕೆ ಯೋಗ್ಯವಲ್ಲವಾದ್ದರಿಂದ ಕಂಪನಿಗೆ ಮರಳಿಸಲು ಬರುವುದಿಲ್ಲ. ಗುಮಾಸ್ತರ ಸುಪರ್ದಿನಲ್ಲಿ ಕಾಯಂ ಆಗಿ ಮುಂದುವರಿಸತಕ್ಕದ್ದು." ಬೇಬಾಕಿ ಪತ್ರ ಮಧ್ಯಾಹ್ನವೇ ಕೈಸೇರಿತು. ಕಂಪನಿಯವರು ಡಿಸ್ಕಿನ ಹೊದಿಕೆಯ ಮೇಲೆ "ನಾಲ್ಕು ನಿಮಿಷ ಸುರಕ್ಷಿತ ಸುಪರ್ದಿನಲ್ಲಿದೆ" ಎಂದು ಅಚ್ಚು ಹಾಕಿಸಿದ್ದೇ, ಡಿಸ್ಕುಗಳು ಎರಡು ದಿನದಲ್ಲಿ ಖಾಲಿಯಾದವು.

ಹೆಂಡತಿ ಆದೇಶಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಬಂದು ಹೋಗುವ ಹೆಂಗಸರೆಲ್ಲ ಅದರ ಮುಂದೆ ನಿಂತು, "ಈಗಲೂ ಯೋಗ್ಯವಲ್ಲವಂತೆ!" ಎಂದು ಓದಿ, ಮನೆಗೆ ಹೋಗಿ ತಂತಮ್ಮ ಗಂಡಂದಿರನ್ನು ಒಂದು ಥರ ನೋಡತೊಡಗಿದರು. ವಾರದೊಳಗೆ ಕಚೇರಿಯ ಮುಂದೆ, ತಮ್ಮ ಹೆಂಡತಿಗೂ ಅಂಥದೇ ಪ್ರಮಾಣಪತ್ರ ಬೇಕೆನ್ನುವ ಗಂಡಸರ ಸಾಲು ಶುರುವಾಯಿತು. ಪ್ರತ್ಯೇಕ ಕಿಟಕಿ ತೆರೆಯಲಾಗಿದೆ. ಅರ್ಜಿಯೊಂದಿಗೆ ಸ್ವಹಸ್ತದಲ್ಲಿ ಬರೆದ ವರ್ಣನೆ ಲಗತ್ತಿಸಬೇಕು. ನಕಲು ಮಾಡಿದ್ದು ಕಂಡುಬಂದರೆ ತಿರಸ್ಕರಿಸಲಾಗುವುದು.

ಕೆಳಮನೆಯ ದರ್ಜಿಯ ಹೆಂಡತಿಗೆ ಮೊನ್ನೆ ಪ್ರಮಾಣಪತ್ರ ಬಂತು: "ಕುಟುಂಬ ಸಮೇತ, ಎಲ್ಲ ವಯಸ್ಸಿನವರೂ ನೋಡಬಹುದು." ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ತೀರ್ಪು ಬರುವವರೆಗೆ ದರ್ಜಿ ಊಟಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದಾನೆ.